ಎರಡು ಸಲ ಅಂದ್ರೆ ಎಷ್ಟು? ಹೊಟ್ಟೆ ರೋಗಿಗಳ ಆರೈಕೆಯ ಬಗ್ಗೆ ಒಬ್ಬ ನರ್ಸ್ ಹೇಳುವುದು

ಕೆಲಸಕ್ಕೆ ಸೇರಿ ಎರಡನೇ ವಾರ. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ಹ್ಯಾಂಡೋವರ್ ಕೊಡುತ್ತಿದ್ದೆ. "7ನೇ ಬೆಡ್ಡು, ರಾತ್ರಿ ಎರಡು ಸಲ ವಾಂತಿ, ಮೂರು ಸಲ ಭೇದಿ" ಅಂದೆ. ನಮ್ಮ ಸೀನಿಯರ್ ಸಿಸ್ಟರ್ ಪೆನ್ನು ಕೆಳಗಿಟ್ಟರು. "ಎರಡು ಸಲ ಅಂದ್ರೆ ಎಷ್ಟೇ? ಒಂದು ಲೋಟನಾ, ಒಂದು ಚೊಂಬಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈ ಹಿಡಿದು ನಲ್ಲಿ ಹತ್ತಿರ ಕರಕೊಂಡು ಹೋದರು. ಕಿಡ್ನಿ ಟ್ರೇ ತುಂಬ ನೀರು ಹಿಡಿದು, ಇದೆಷ್ಟಿರಬಹುದು ಹೇಳು ಅಂದರು. 200 ಎಂಎಲ್ ಅಂದೆ. ಅಳತೆ ಜಗ್ಗಿಗೆ ಸುರಿದರೆ 500 ದಾಟಿತು. ಬೈಯಲಿಲ್ಲ. "ಹೊಟ್ಟೆ ರೋಗಿ ಹತ್ರ ಕಣ್ಣಂದಾಜು ನಡೆಯಲ್ಲಮ್ಮ" ಅಂದು ಮುಂದಿನ ಬೆಡ್ಡಿಗೆ ಹೋದರು.

ಆಮೇಲೆ 31 ವರ್ಷ ಮೆಡಿಕಲ್ ವಾರ್ಡು, ಸರ್ಜಿಕಲ್ ವಾರ್ಡು ಅಂತ ತಿರುಗಿದೆ. ಈಗ ರಿಟೈರ್ ಆಗಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ, ಬೀದಿಯವರು ಮನೆಗೇ ಬಂದು ಕೇಳುತ್ತಾರೆ. ಇಬ್ಬರಿಗೂ ಹೇಳುವುದನ್ನು ಒಂದೇ ಕಡೆ ಬರೆದಿದ್ದೇನೆ. ಔಷಧಿ ಯಾವುದು, ಎಷ್ಟು ಎಂಬುದು ಡಾಕ್ಟರ ಕೆಲಸ. ಪಕ್ಕದಲ್ಲಿ ಕೂತವರು ಏನು ನೋಡಬೇಕು, ಏನು ಬರೆದಿಡಬೇಕು, ಯಾವಾಗ ಓಡಬೇಕು ಎಂಬುದಷ್ಟೇ ನನ್ನದು.

ಮೊದಲು ಒಂದು ನೋಟ್‌ಬುಕ್

ಆಸ್ಪತ್ರೆಯಲ್ಲಿ ಇದಕ್ಕೆ ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಎನ್ನುತ್ತೇವೆ. ಮನೆಯಲ್ಲಾದರೆ ಮಕ್ಕಳ ಹಳೇ ನೋಟ್‌ಬುಕ್ ಸಾಕು. ನಡುವೆ ಗೆರೆ ಎಳೆಯಿರಿ. ಎಡಕ್ಕೆ ಒಳಗೆ ಹೋದದ್ದು: ನೀರು, ಗಂಜಿ, ಕಾಫಿ, ಮಾತ್ರೆ ನುಂಗಲು ಕುಡಿದ ಗುಟುಕು, ಡ್ರಿಪ್ ಹಾಕಿದ್ದರೆ ಅದೂ. ಬಲಕ್ಕೆ ಹೊರಗೆ ಬಂದದ್ದು: ಮೂತ್ರ, ವಾಂತಿ, ಭೇದಿ, ಟ್ಯೂಬಿನಿಂದ ಇಳಿದದ್ದು. ಪ್ರತಿ ಸಾಲಿಗೂ ಗಂಟೆ ಇರಲಿ. ಅಳತೆಯ ಜಗ್ಗು ಇಲ್ಲ ಅನ್ನಬೇಡಿ. 1 ಲೀಟರ್ ನೀರಿನ ಬಾಟಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದರಿಂದ ನಿಮ್ಮ ಸ್ಟೀಲ್ ಲೋಟ ಎಷ್ಟು ಸಲ ತುಂಬುತ್ತದೆ ನೋಡಿ. ಐದು ಸಲವಾದರೆ ಲೋಟ 200 ಎಂಎಲ್, ಮುಗಿಯಿತು. ಇನ್ನೊಂದು ಹಳೇ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದೇ ಲೋಟದಿಂದ ನೀರು ಹಾಕುತ್ತಾ ಮಾರ್ಕರಿನಲ್ಲಿ ಗೆರೆ ಹಾಕಿಕೊಂಡರೆ ಮೂತ್ರ ಅಳೆಯುವುದಕ್ಕಾಯಿತು.

60 ಕೆಜಿಯ ದೊಡ್ಡವರಿಗೆ ಗಂಟೆಗೆ ಸುಮಾರು 30 ಎಂಎಲ್ ಮೂತ್ರವಾದರೂ ಆಗಬೇಕು. ಆರು ಗಂಟೆ ಕಳೆದರೂ ಹನಿ ಇಲ್ಲ, ಅಥವಾ ಬಂದದ್ದು ಕಡು ಹಳದಿ ಎಂದರೆ ದೇಹ ಒಣಗುತ್ತಿದೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುವಾಗ "ಸುಸ್ತಾಗಿದ್ದಾರೆ ಸಾರ್" ಎಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. "ಬೆಳಗ್ಗೆ 6ರಿಂದ ಒಳಗೆ 400, ಹೊರಗೆ 1,800, ಮೂತ್ರ ಇಲ್ಲ" ಎಂದರೆ ಎದ್ದು ಬರುತ್ತಾರೆ.

ವಾಂತಿ, ಭೇದಿ

ನೂರಕ್ಕೆ ತೊಂಬತ್ತು ಮನೆಯವರು ಕೇಳುವ ಪ್ರಶ್ನೆ ಒಂದೇ: "ನೀರು ಕೊಟ್ರೆ ಇನ್ನೂ ಜಾಸ್ತಿ ಆಗಲ್ವಾ ಸಿಸ್ಟ್ರಮ್ಮ?" ಹೊಟ್ಟೆಗೆ ರಜಾ ಕೊಡುತ್ತೇವೆ ಅಂತ ಬಾಯಿ ಕಟ್ಟುತ್ತಾರೆ. ಭೇದಿ ನಿಲ್ಲಲಿ ಬಿಡಲಿ, ಪ್ರಾಣಕ್ಕೆ ಕುತ್ತು ತರುವುದು ಒಳಗಿನ ನೀರು, ಉಪ್ಪು ಖಾಲಿಯಾಗುವುದು. ಕರುಳು ಕೆಟ್ಟಿದ್ದರೂ ಸಕ್ಕರೆ ಜೊತೆಗಿದ್ದರೆ ಉಪ್ಪನ್ನೂ, ಅದರ ಹಿಂದೆ ನೀರನ್ನೂ ಹೀರಿಕೊಳ್ಳುವ ಬಾಗಿಲು ತೆರೆದೇ ಇರುತ್ತದೆ. ಓಆರ್‌ಎಸ್‌ನ ಗುಟ್ಟು ಇಷ್ಟೇ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿಗೆ ಬಂದು ಸೇರಿದಾಗ ಅಲ್ಲಿ ಕಾಲರಾ ಎದ್ದಿತು. ಸಲೈನ್ ಬಾಟಲಿ ಮುಗಿದುಹೋಯಿತು. ಆಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಡಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ನನಗೆ ಇದರಲ್ಲಿ ಇಷ್ಟವಾದದ್ದು ಬೇರೆ ಸಂಗತಿ. ಲೋಟ ಲೋಟ ಕುಡಿಸಿದವರು ಹೆಚ್ಚಾಗಿ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ರೋಗಿಗಳ ಪಕ್ಕ ಕೂತಿದ್ದ ಅಮ್ಮ, ಅಕ್ಕ, ತಮ್ಮ.

ಓಆರ್‌ಎಸ್ ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಫಾರ್ಮುಲಾ ಅಂತ ಇರಬೇಕು. 1 ಲೀಟರಿನ ಪ್ಯಾಕೆಟ್ 20.5 ಗ್ರಾಂ ಇರುತ್ತದೆ. ಅದನ್ನು ಪೂರ್ತಿ 1 ಲೀಟರ್ ನೀರಿಗೇ ಹಾಕಿ. ಒಂದು ಲೋಟಕ್ಕೆ ಒಂದು ಚಮಚ ಅಂತ ಅಂದಾಜಿನಲ್ಲಿ ಕದಡಬೇಡಿ, ಉಪ್ಪು ಹೆಚ್ಚಾದರೆ ಮಗುವಿಗೆ ಅದೇ ಅಪಾಯ. ಕದಡಿದ್ದನ್ನು 24 ಗಂಟೆ ಮೇಲೆ ಇಟ್ಟುಕೊಳ್ಳಬೇಡಿ. ಬಣ್ಣದ ಡಬ್ಬಿಗಳಲ್ಲಿ ಆ ಮೂರಕ್ಷರದ ಹೆಸರಿಟ್ಟುಕೊಂಡು ಸಕ್ಕರೆ ಪಾನಕ ಮಾರುತ್ತಿದ್ದರಲ್ಲ, ಅದು ಭೇದಿಯನ್ನು ಇನ್ನಷ್ಟು ಎಳೆಯುತ್ತದೆ. 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದು ಅಂತ ಆದೇಶ ಮಾಡಿದೆ, ಆದರೂ ಕೊಳ್ಳುವಾಗ ಕಣ್ಣಿರಲಿ. ಪ್ಯಾಕೆಟ್ಟೇ ಸಿಗದ ಊರಲ್ಲಿ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗೋಪುರ ಕಟ್ಟಬಾರದು, ಚಾಕುವಿನಿಂದ ಚಮಚದ ಮೇಲೆ ಸವರಿಬಿಡಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡವಕ್ಕೆ 100ರಿಂದ 200. ಕೊಡುವುದು ಹೇಗೆ ಅನ್ನುವುದರಲ್ಲೇ ಎಲ್ಲ ಇದೆ. ಬಾಯಾರಿದ ಮಗು ಗಟಗಟ ಕುಡಿದು ಅಷ್ಟನ್ನೂ ಕಕ್ಕುತ್ತದೆ, ತಾಯಿ ಹೆದರಿ ನಿಲ್ಲಿಸುತ್ತಾಳೆ. ಕಕ್ಕಿದರೆ 10 ನಿಮಿಷ ತಡೆದು, ಮತ್ತೆ ಚಮಚದಲ್ಲಿ ಎರಡು ಮೂರು ನಿಮಿಷಕ್ಕೊಂದರಂತೆ ಶುರು ಮಾಡಿ. ಎದೆಹಾಲು ಬಿಡಿಸಬೇಡಿ. ಅನ್ನದ ಗಂಜಿ, ಮೊಸರನ್ನ, ಬಾಳೆಹಣ್ಣು ಮಗು ಕೇಳಿದಾಗಲೆಲ್ಲ ಕೊಡಿ. ಮಕ್ಕಳಿಗೆ ಜಿಂಕ್ ಮಾತ್ರೆ 14 ದಿನಕ್ಕೆ ಬರೆದಿರುತ್ತಾರೆ. ಭೇದಿ ಮೂರನೇ ದಿನಕ್ಕೆ ನಿಂತಿತು ಅಂತ ಉಳಿದ ಮಾತ್ರೆಯನ್ನು ದೇವರ ಮನೆ ಗೂಡಿನಲ್ಲಿ ಇಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. 14 ದಿನವೂ ಕೊಡಬೇಕು.

ಹೊಟ್ಟೆಯ ಚರ್ಮ ಮೆಲ್ಲಗೆ ಚಿವುಟಿ ಬಿಡಿ. ಮಡಿಕೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ, ಕಣ್ಣು ಗುಳಿ ಬಿದ್ದಿದ್ದರೆ, ಮಗು ಕುಡಿಯಲೂ ಆಗದೆ ಜೋತು ಬಿದ್ದಿದ್ದರೆ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಎಚ್ಚರವಿದ್ದಷ್ಟು ಹೊತ್ತು ಚಮಚ ನಿಲ್ಲದಿರಲಿ. ಅಕ್ಕಿ ತೊಳೆದ ನೀರಿನ ಹಾಗೆ ಬಿಳಿಚಿಕೊಂಡು ಸುರಿಯುತ್ತಿದ್ದರೆ ಕಾಲರಾ ಇರಬಹುದು, ಒಂದು ಗಂಟೆಯೂ ಕಾಯಬೇಡಿ.

ಕೈಗೆ ಸೋಪು ಮತ್ತು ನೀರು. ಆ ಜೆಲ್ ಬಾಟಲಿ ಎಲ್ಲಕ್ಕೂ ಆಗುವುದಿಲ್ಲ. ಭೇದಿ ತರುವ ಕೆಲವು ಕ್ರಿಮಿಗಳು ಅದಕ್ಕೆ ಬಗ್ಗುವುದೇ ಇಲ್ಲ. ಪದೇ ಪದೇ ತೊಳೆದು ಹಸಿ ಹುಣ್ಣಾದ ಕುಂಡಿಗೆ ಒರೆಸುವ ಬದಲು ನೀರು ಹಾಕಿ, ಬಟ್ಟೆಯಿಂದ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ. ಚಾರ್ಟಿನಲ್ಲಿ ಇದು ಬರುವುದಿಲ್ಲ, ಆದರೆ ರೋಗಿ ರಾತ್ರಿ ನಿದ್ದೆ ಮಾಡುವುದು ಇದರಿಂದ.

ಡಾಂಬರಿನಂಥ ಮಲ

ಇದು ನನ್ನ ತಪ್ಪಿನ ಕತೆ. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದ್ದ ಒಬ್ಬ ರೈತರು ಹೊಟ್ಟೆ ಉರಿ ಅಂತ ಅಡ್ಮಿಟ್ ಆಗಿದ್ದರು. ಸಂಜೆ ಬಿಪಿ 110/70. ಚೆನ್ನಾಗಿದೆ ಅಂತ ಬರೆದೆ. ನಾಡಿ 118 ಇತ್ತು. ನಡೆದುಕೊಂಡು ಬಂದಿದ್ದಾರೆ, ಅದಕ್ಕೇ ಅಂದುಕೊಂಡೆ. ಎರಡು ಗಂಟೆ ಕಳೆದು ಬಾತ್‌ರೂಮಿನ ಬಾಗಿಲಲ್ಲಿ ಬಿದ್ದರು. ಮಗಳನ್ನು ಕೇಳಿದರೆ, "ಮೂರು ದಿನದಿಂದ ಕರ್ರಗೆ ಹೋಗ್ತಿದ್ರು ಮೇಡಂ, ಅದೇನು ಹೇಳೋ ವಿಷಯಾನಾ ಅಂತ ಸುಮ್ನಿದ್ದೆ" ಅಂದಳು. ಹುಡುಗಿಯದೇನು ತಪ್ಪು? ಮಲದ ಬಣ್ಣ ಏನು ಅಂತ ನಾನು ಕೇಳಿರಲಿಲ್ಲ. ಎರಡು ಬಾಟಲಿ ರಕ್ತ ಕೊಟ್ಟ ಮೇಲೆ ಚೇತರಿಸಿಕೊಂಡರು.

ರಕ್ತ ಸೋರುವಾಗ ನಾಡಿ ಮೊದಲು ಓಡುತ್ತದೆ, ಬಿಪಿ ಕೊನೆಯವರೆಗೂ ಏನೂ ಆಗಿಲ್ಲ ಅನ್ನುವ ಹಾಗೆ ನಿಂತಿರುತ್ತದೆ. ಅದಕ್ಕೇ ಹೊಟ್ಟೆ ರೋಗಿಯ ಬಿಪಿ ಒಂದನ್ನೇ ನಂಬಬೇಡಿ. ಜಠರದಲ್ಲೋ ಅನ್ನನಾಳದಲ್ಲೋ ಸೋರಿದ ರಕ್ತ ಕರುಳಿನಲ್ಲಿ ಇಳಿದು ಬರುವಷ್ಟರಲ್ಲಿ ಕಪ್ಪಾಗಿ, ಅಂಟಂಟಾಗಿ, ಬಕೆಟ್ ನೀರು ಹಾಕಿದರೂ ಕಮೋಡಿಗೆ ಹತ್ತಿಕೊಂಡಿರುತ್ತದೆ. ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಜನ್ಮದಲ್ಲಿ ಮರೆಯುವುದಿಲ್ಲ, ಪರದೆ ಸರಿಸುವ ಮುಂಚೆಯೇ ಗೊತ್ತಾಗುತ್ತದೆ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಗಾಗುತ್ತದೆ, ಆದರೆ ಹೀಗೆ ಅಂಟುವುದಿಲ್ಲ, ಈ ವಾಸನೆಯೂ ಇರುವುದಿಲ್ಲ. ವಾಂತಿಯಲ್ಲಿ ಕಾಫಿ ಗಸಿಯಂಥದ್ದು ಬಂದರೂ ಅರ್ಥ ಒಂದೇ.

ಅಂಥವರಿಗೆ ಬಾಯಿಗೆ ಏನೂ ಕೊಡಬೇಡಿ. ಎಡ ಮಗ್ಗುಲಿಗೆ ಮಲಗಿಸಿ, ವಾಂತಿ ಶ್ವಾಸಕ್ಕೆ ಹೋಗದ ಹಾಗೆ. ಒಬ್ಬರೇ ಎದ್ದು ಬಾತ್‌ರೂಮಿಗೆ ಹೋಗಲು ಬಿಡಬೇಡಿ. ನರ್ಸ್ ಆಗಿದ್ದರೆ ಎರಡು ಕೈಗೂ ಡ್ರಿಪ್ ಹಾಕುವ ದಪ್ಪ ಕ್ಯಾನುಲಾ, 16 ಅಥವಾ 18 ಗೇಜಿನದು, ನರ ಇನ್ನೂ ಸಿಗುತ್ತಿರುವಾಗಲೇ ಹಾಕಿಬಿಡಿ. ರಕ್ತದ ಗುಂಪು ಹೊಂದಿಸಿ ನೋಡುವ ಗ್ರೂಪಿಂಗ್, ಕ್ರಾಸ್‌ಮ್ಯಾಚಿಗೆ ರಕ್ತ ಕಳಿಸಿ. 15 ನಿಮಿಷಕ್ಕೊಮ್ಮೆ ನಾಡಿ ನೋಡಿ.

ಮೂಗಿನ ಟ್ಯೂಬು

ಮೂಗಿನಿಂದ ಜಠರಕ್ಕೆ ಇಳಿಸುವ ರೈಲ್ಸ್ ಟ್ಯೂಬಿನ ಉದ್ದವನ್ನು ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆ ಮುಗಿಯುವಲ್ಲಿಗೆ ಅಳೆದು ಗುರುತು ಹಾಕುತ್ತೇವೆ. ರೋಗಿಯನ್ನು ಕೂರಿಸಿ, ಗಂಟಲಿಗೆ ಬಂದಾಗ ಗದ್ದ ಎದೆ ಕಡೆ ಬಗ್ಗಿಸಿ ನುಂಗಲು ಹೇಳಿ, ನುಂಗಿದಂತೆಲ್ಲ ಇಳಿಸುವುದು. ಕೆಮ್ಮು ಬಂತೋ, ಮುಖ ನೀಲಿಯಾಯಿತೋ, ಹಿಂದಕ್ಕೆ ಎಳೆಯಿರಿ. ನಮ್ಮ ಕಾಲದಲ್ಲಿ ಸಿರಿಂಜಿನಿಂದ ಗಾಳಿ ಹಾಕಿ, ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟು ಬುಡುಕ್ ಎಂದರೆ ಸರಿ ಎನ್ನುತ್ತಿದ್ದೆವು. ನಾನೂ ಎಷ್ಟೋ ಹುಡುಗಿಯರಿಗೆ ಹಾಗೇ ಕಲಿಸಿದೆ. ಟ್ಯೂಬು ಶ್ವಾಸಕೋಶದಲ್ಲಿದ್ದರೂ ಆ ಶಬ್ದ ಕೇಳಬಹುದು. ಈಗ ಅದನ್ನು ನಂಬಬಾರದು ಎನ್ನುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಟ್ಯೂಬಿನಿಂದ ಎಳೆದ ರಸದ ಪಿಎಚ್, ಅಂದರೆ ಹುಳಿಯ ಅಳತೆ, 5.5 ಅಥವಾ ಕಡಿಮೆ ಇರಬೇಕು. ಅನುಮಾನವಿದ್ದರೆ ಎಕ್ಸ್‌ರೇ ಆಗುವವರೆಗೆ ಒಂದು ಹನಿಯೂ ಹಾಕಬೇಡಿ.

ಟ್ಯೂಬಿನೊಂದಿಗೇ ಮನೆಗೆ ಕಳಿಸಿದರೆ ಮನೆಯವರಿಗೆ ಮುಖ್ಯವಾದದ್ದು ಮೂಗಿನ ಹತ್ತಿರದ ಗುರುತು. ಗುರುತು ಹೊರಗೆ ಜಾರಿದ್ದರೆ ಫೀಡ್ ಹಾಕದೆ ಕರಕೊಂಡು ಬನ್ನಿ. ಬೆನ್ನು 30ರಿಂದ 45 ಡಿಗ್ರಿ ಎತ್ತರವಿರಬೇಕು. ತಲೆಗೆ ಎರಡು ದಿಂಬು ಕೊಟ್ಟರೆ ಕತ್ತು ಮುರಿಯುತ್ತದೆಯೇ ಹೊರತು ಬೆನ್ನು ಏಳುವುದಿಲ್ಲ. ಮರದ ಕುರ್ಚಿಯನ್ನು ಮಂಚದ ಮೇಲೆ ಬೋರಲು ಹಾಕಿ, ಅದರ ಇಳಿಜಾರು ಬೆನ್ನಿಗೆ ಹಾಸಿಗೆ ಮಡಿಸಿಟ್ಟು ಒರಗಿಸಿ. ಆಸ್ಪತ್ರೆ ಮಂಚವೇ ಸಿದ್ಧವಾದಂತೆ. ಚೆನ್ನಾಗಿ ಸೋಸಿದ ಗಂಜಿ, 200 ಎಂಎಲ್, ಸಿರಿಂಜಿನ ಒಳಗಿನ ಕಡ್ಡಿ ತೆಗೆದು ತಾನಾಗಿ ಇಳಿಯಲು ಬಿಡಿ, ಒತ್ತಿ ನೂಕಬೇಡಿ. ಮೊದಲೂ ಕೊನೆಗೂ 30 ಎಂಎಲ್ ನೀರು. ಮುಗಿದ ಮೇಲೂ ಮುಕ್ಕಾಲು ಗಂಟೆ ಹಾಗೇ ಕೂತಿರಲಿ. ಬಾಯಿಂದ ಏನೂ ತಿನ್ನುತ್ತಿಲ್ಲ ಅಂತ ಬಾಯಿ ಮರೆಯಬೇಡಿ, ದಿನಕ್ಕೆ ಮೂರ್ನಾಲ್ಕು ಸಲ ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ಒಸಡು, ನಾಲಿಗೆ ಒರೆಸಿ.

ಲಿವರ್ ಹೋದವರು

ಇವರನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಂಡತಿಯರು. ದಣಿದು, ಸಿಟ್ಟೂ ಬಂದಿರುತ್ತದೆ, ಬರಲಿ. ಹೊಟ್ಟೆಯಲ್ಲಿ ನೀರು ತುಂಬುತ್ತಿದೆಯೇ ಅಂತ ತಿಳಿಯಲು ದಿನಾ ಬೆಳಗ್ಗೆ ಮೂತ್ರವಾದ ಮೇಲೆ, ತಿಂಡಿಗೆ ಮುಂಚೆ ತೂಕ. ಹೊಕ್ಕಳ ಮಟ್ಟದಲ್ಲಿ ಟೇಪು ಸುತ್ತಿ ಹೊಟ್ಟೆಯ ಸುತ್ತಳತೆ. ಟೇಪು ಹಾಯುವ ಎರಡೂ ಪಕ್ಕಕ್ಕೆ ಪೆನ್ನಿನಲ್ಲಿ ಗೀಟು ಹಾಕಿಡಿ, ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಕಡೆ ಅಳೆದು ಇಲ್ಲದ ನೀರನ್ನು ಹೆಚ್ಚಿಸುತ್ತಾರೆ. ಉಪ್ಪಿನಕಾಯಿ, ಹಪ್ಪಳ ಮನೆಯಿಂದಲೇ ಆಚೆ. ಬೇಳೆ, ಮೊಟ್ಟೆ ನಿಲ್ಲಿಸಿ ಅಂತ ಹಿಂದೆ ಹೇಳುತ್ತಿದ್ದೆವು. ಈಗ ಹಾಗಿಲ್ಲ, ಪ್ರೋಟೀನ್ ಬೇಕೇ ಬೇಕು, ಮಲಗುವ ಮುಂಚೆ ಒಂದಿಷ್ಟು ತಿಂಡಿಯೂ ಬೇಕು.

ಎಲ್ಲರೂ ಎಡವುವುದು ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಸಿರಪ್ಪಿನಲ್ಲಿ. ಒಬ್ಬಾಕೆ, "ದಿನಕ್ಕೆ ಮೂರು ಸಲ ಮೆತ್ತಗೆ ಹೋಗ್ತಿದ್ರು, ಭೇದಿ ಅಂತ ನಿಲ್ಲಿಸ್ದೆ" ಅಂದಳು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗಲಿ ಅಂತಲೇ ಅದನ್ನು ಕೊಡುವುದು! ಕಟ್ಟಿಕೊಂಡರೆ ವಿಷ ಮೆದುಳಿಗೇರುತ್ತದೆ. ನಾನು ಇಂಥವರ ಕೈಲಿ ದಿನಾ ಬೆಳಗ್ಗೆ ಒಂದು ಹಾಳೆಯಲ್ಲಿ ಹೆಸರು, ಊರು ಬರೆಸುತ್ತಿದ್ದೆ. ಆಕೆಯ ಗಂಡ ಶಾಲೆಯ ಗುಮಾಸ್ತ, ಮುತ್ತಿನಂಥ ಅಕ್ಷರ. ಸೋಮವಾರ ನೇರ ಸಾಲು. ಬುಧವಾರ ಒತ್ತಕ್ಷರ ಬಿಟ್ಟುಹೋಗಿತ್ತು. ಗುರುವಾರ ಊರಿನ ಹೆಸರು ಹಾಳೆಯ ಮೂಲೆಗೆ ಏರಿತ್ತು, ಅಂಗಿ ಗುಂಡಿಯೂ ಒಂದರ ಬದಲು ಇನ್ನೊಂದಕ್ಕೆ. ಮಾತು ಮಾತ್ರ ಸರಿಯಾಗೇ ಆಡುತ್ತಿದ್ದರು. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ, ಚಾಚಿದ ಕೈ ಹಕ್ಕಿ ರೆಕ್ಕೆಯಂತೆ ಬಡಿಯುವುದು ಇವೂ ಸೂಚನೆಗಳೇ. ಅರಿವು ತಪ್ಪುವವರೆಗೂ ಕಾಯಬೇಡಿ.

ಭೇದಿಯಲ್ಲದ ಭೇದಿ

ಸೊಂಟ ಮುರಿದು ಮಲಗಿದ್ದ 78ರ ಅಜ್ಜ. ನಾಲ್ಕು ದಿನದಿಂದ ನೀರು ನೀರಾಗಿ ಸೋರುತ್ತಿದೆ ಅಂತ ಮಗ ಅಂಗಡಿಯಿಂದ ಭೇದಿ ನಿಲ್ಲುವ ಮಾತ್ರೆ ತಂದು ಕೊಟ್ಟಿದ್ದ. ಹೊಟ್ಟೆ ಉಬ್ಬಿತ್ತು. ಗ್ಲೌಸ್ ಹಾಕಿ ನೋಡಿದರೆ ಗುದದ್ವಾರದಲ್ಲೇ ಕಲ್ಲಿನಂಥ ಗಡ್ಡೆ. ಹಿಂದೆ ಕಟ್ಟಿಕೊಂಡ ಮಲದ ಪಕ್ಕದಿಂದ ನೀರಷ್ಟೇ ದಾರಿ ಮಾಡಿಕೊಂಡು ಸೋರುತ್ತಿತ್ತು. ಹಾಸಿಗೆ ಹಿಡಿದ ಮುದುಕರಿಗೆ ಇದ್ದಕ್ಕಿದ್ದಂತೆ ಭೇದಿ ಶುರುವಾದರೆ, ಅದಕ್ಕೂ ಮುಂಚೆ ಎಷ್ಟು ದಿನ ಹೋಗಿರಲಿಲ್ಲ ಎಂಬುದನ್ನು ಮೊದಲು ಕೇಳಿ. ಎನಿಮಾ ಕೊಡುವಾಗ ಎಡ ಮಗ್ಗುಲು, ಬಲ ಮಂಡಿ ಮಡಿಸಿ, ನಿಧಾನವಾಗಿ. ಗಡ್ಡೆಯನ್ನು ಮನೆಯವರೇ ಬೆರಳಿಂದ ತೆಗೆಯಲು ಹೋಗಬೇಡಿ, ಹೃದಯದ ತೊಂದರೆ ಇದ್ದವರಿಗೆ ನಾಡಿ ಕುಸಿದು ಪ್ರಜ್ಞೆ ತಪ್ಪಬಹುದು.

ಕಾರಣ ಗೊತ್ತಿಲ್ಲದ ಹೊಟ್ಟೆನೋವಿಗೆ ಎನಿಮಾ ಆಗಲಿ, ಹರಳೆಣ್ಣೆ ಆಗಲಿ, ಬಿಸಿನೀರಿನ ಚೀಲವಾಗಲಿ ಬೇಡ. ಅಪೆಂಡಿಕ್ಸ್ ಆಗಿದ್ದರೆ ಒಡೆಯಬಹುದು. ಮಗುವಿನ ಹೊಟ್ಟೆಗೆ ಬರೆ ಹಾಕಿ ತರುವುದನ್ನು ಈಗಲೂ ನಿಲ್ಲಿಸಿಲ್ಲ ನಮ್ಮ ಜನ. ಆ ಗುರುತು ಕಂಡಾಗ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಡ್ರಿಪ್ ಹಾಕುತ್ತಿದ್ದೆ.

ಆಪರೇಷನ್ ಆದವರು, ಚೀಲ ಇಟ್ಟವರು

ಹೊಟ್ಟೆ ಕೊಯ್ದವರಿಗೆ ದಿನಾ ಕೇಳುವ ಪ್ರಶ್ನೆ, "ಗ್ಯಾಸ್ ಹೋಯ್ತಾ?" ನಾಚಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಕರುಳು ಮತ್ತೆ ಎದ್ದಿತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸುದ್ದಿ ಸರ್ಜಿಕಲ್ ವಾರ್ಡಿನಲ್ಲಿ ಇಲ್ಲ. ಕೆಮ್ಮುವಾಗ ದಿಂಬನ್ನು ಹೊಲಿಗೆ ಮೇಲೆ ಅಪ್ಪಿ ಹಿಡಿಯಲಿ. ಡಾಕ್ಟರ್ ಹೇಳಿದ ದಿನವೇ ಎಬ್ಬಿಸಿ ನಡೆಸಿ.

ಹೊಟ್ಟೆಯ ಮೇಲೆ ಕರುಳಿನ ಬಾಯಿ ಇಟ್ಟು ಚೀಲ ಹಾಕಿ ಕಳಿಸಿದಾಗ ಮೊದಲ ದಿನ ಯಾರೂ ನೋಡಲಾರರು. ಒಬ್ಬ ಹೆಂಗಸು ಮೂರು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾಲ್ಕನೇ ದಿನ ಅವಳ ಕೈಗೇ ಬಟ್ಟೆ ಕೊಟ್ಟೆ. ಆ ಬಾಯಿ ನಮ್ಮ ತುಟಿಯ ಒಳಭಾಗದ ಹಾಗೆ ಕೆಂಪಗೆ, ಹಸಿಯಾಗಿರಬೇಕು. ಕಪ್ಪು ಅಥವಾ ನೇರಳೆ ಬಣ್ಣಕ್ಕೆ ತಿರುಗಿದರೆ ತಕ್ಷಣ ತೋರಿಸಿ. ಸುತ್ತಲಿನ ಚರ್ಮಕ್ಕೆ ಬರೀ ನೀರು, ಡೆಟಾಲ್ ಬೇಡ, ಎಣ್ಣೆ ಹಚ್ಚಿದರೆ ಚೀಲ ಅಂಟುವುದಿಲ್ಲ. ಚೀಲದ ತೂತು ಕರುಳಿನ ಬಾಯಿಗಿಂತ 2ರಿಂದ 3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ, ಹೆಚ್ಚಾದರೆ ಮಲ ತಾಗಿ ಚರ್ಮ ಸುಲಿಯುತ್ತದೆ. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ತುಂಬಿದ ಭಾರಕ್ಕೆ ಅಂಟು ಕಿತ್ತು ಬರುತ್ತದೆ.

ಅವಳು ಡಿಸ್ಚಾರ್ಜ್ ದಿನ ಕೇಳಿದ್ದು ಇಷ್ಟೇ, ತಂಗಿ ಮದುವೆಗೆ ಬಸ್ಸಿನಲ್ಲಿ ಹೋಗಬಹುದಾ ಅಂತ. ಹೊರಡುವ ಮುಂಚೆ ಖಾಲಿ ಮಾಡು, ಹಿಂದಿನ ರಾತ್ರಿ ಎಲೆಕೋಸು, ಮೂಲಂಗಿ ತಿನ್ನಬೇಡ, ಪರ್ಸಿನಲ್ಲಿ ಇನ್ನೊಂದು ಚೀಲ ಕತ್ತರಿಸಿ ಸಿದ್ಧವಾಗಿ ಇಟ್ಟುಕೋ, ಸೀರೆ ನೆರಿಗೆಯನ್ನು ಚೀಲದ ಮೇಲೆ ಬಿಗಿಯಾಗಿ ಸಿಕ್ಕಿಸಬೇಡ ಅಂದೆ. "ರೇಷ್ಮೆ ಸೀರೆ ಉಡಬಹುದಾ ಸಿಸ್ಟರ್?" ಅಂದಳು. ಉಡು, ಬ್ಲೌಸಿಗೆ ಹೊಂದುವ ಬಟ್ಟೆಯಲ್ಲಿ ಚೀಲಕ್ಕೂ ಒಂದು ಗವಸು ಹೊಲಿಸಿಕೋ, ಮೈಗೆ ಅಂಟಿ ಬೆವರುವುದಿಲ್ಲ ಅಂದೆ.